ಸಣ್ಣಗಿರುವವರ ಶುಗರ್ ಮತ್ತು ಬಸ್ಕಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾನು ಡಯಾಬಿಟಿಸ್ ಎಜುಕೇಟರ್. ಡಾಕ್ಟರು ರಿಪೋರ್ಟ್ ನೋಡಿ ಮಾತ್ರೆ ಬರೆದ ಮೇಲೆ, ಮುಂದೇನು ಅಂತ ಕೂತು ಮಾತಾಡುವ ಕೆಲಸ ನನ್ನದು. ಫ್ರೀಮಾಂಟ್, ಸನ್ನಿವೇಲ್ ಕಡೆಯ ನಮ್ಮ ದೇಶದವರೇ ಜಾಸ್ತಿ ಬರುತ್ತಾರೆ. ಕನ್ನಡದವರಾದರೆ ಸ್ವಲ್ಪ ಹೊತ್ತು ಹೆಚ್ಚೇ ಹಿಡಿಯುತ್ತದೆ. ಯಾವ ಊರು, ಅಲ್ಲಿ ಯಾವ ಬೀದಿ ಅನ್ನುವುದೆಲ್ಲ ಮುಗಿಯಬೇಕಲ್ಲ.

ಹೆಚ್ಚುಕಮ್ಮಿ ಎಲ್ಲರ ಬಾಯಲ್ಲೂ ಇದೇ ಮಾತು: "ಮೇಡಂ, ನಾನು ದಪ್ಪ ಇಲ್ಲ. ಸ್ವೀಟ್ ಮುಟ್ಟಲ್ಲ. ವಾಕಿಂಗೂ ಹೋಗ್ತೀನಿ. ನನಗ್ಯಾಕೆ ಶುಗರ್?"

ಮೂರೂ ನಿಜವೇ ಇರುತ್ತದೆ. ಆದರೆ ತೂಕದ ಮೆಷಿನ್ ನಮ್ಮವರ ವಿಷಯದಲ್ಲಿ ಅರ್ಧ ಕಥೆ ಮಾತ್ರ ಹೇಳುತ್ತದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ಆ ಫೋಟೋವನ್ನು ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ಅರ್ಧ ಗಂಟೆ ಉಪನ್ಯಾಸ ಉಳಿಯುತ್ತದೆ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಕೂಡ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ಶುಗರ್ ಪರೀಕ್ಷೆ ಮಾಡಿ ಅನ್ನುತ್ತಿದೆ.

ನಮ್ಮ ಬೇ ಏರಿಯಾ ಮತ್ತು ಶಿಕಾಗೋದ ದಕ್ಷಿಣ ಏಷ್ಯಾದವರನ್ನೇ ಹಿಡಿದು 2010ರಿಂದ ನಡೆಯುತ್ತಿರುವ ಅಧ್ಯಯನ ಒಂದಿದೆ. ಹೆಸರು 'ಮಸಾಲಾ'. ತಮಾಷೆಯಲ್ಲ, ನಿಜವಾಗಲೂ ಅದೇ ಹೆಸರು. ಮೊದಲ ಸುತ್ತಿನಲ್ಲಿ 900ಕ್ಕೂ ಹೆಚ್ಚು ಜನ. ಇಂಥದ್ದೇ ಇನ್ನೊಂದು ಅಧ್ಯಯನದ ಜೊತೆ ಹೋಲಿಸಿ ನೋಡಿದಾಗ, ಅಲ್ಲಿನ ಬಿಳಿಯರಲ್ಲಿ ನೂರಕ್ಕೆ 6 ಜನಕ್ಕೆ ಡಯಾಬಿಟಿಸ್ ಇದ್ದರೆ ನಮ್ಮವರಲ್ಲಿ 23. ಲಿವರಿನಲ್ಲಿ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ ಅನ್ನುವುದೂ ಅದರಲ್ಲೇ ಕಂಡುಬಂತು.

ಈ ಮಾಂಸಖಂಡದ ವಿಷಯಕ್ಕೇ ನಾನು ಜಾಸ್ತಿ ಹೊತ್ತು ಕೊಡುವುದು. ಊಟ ಮಾಡಿದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರಬೇಕಾದ್ದು ತೊಡೆ, ಬೆನ್ನು, ತೋಳಿನ ಮಾಂಸಕ್ಕೆ. ಆ ಉಗ್ರಾಣ ಚಿಕ್ಕದಿದ್ದರೆ ಬೇಗ ತುಂಬುತ್ತದೆ. ಮಿಕ್ಕಿದ್ದು ಲಿವರಿಗೆ ಹೋಗಿ ಕೊಬ್ಬಾಗುತ್ತದೆ. ಮೈ ಸಣ್ಣಗಿದ್ದೂ ಹೊಟ್ಟೆ ಮಾತ್ರ ಮುಂದೆ ಬರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ "ಎಕ್ಸರ್‌ಸೈಜ್ ಮಾಡ್ತೀರಾ?" ಅನ್ನುವ ಪ್ರಶ್ನೆಗಿಂತ ಕುರ್ಚಿ ನನಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ಎರಡೂ ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡೋಣ ಅನ್ನುತ್ತೇನೆ. ನಲವತ್ತು ದಾಟಿದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಬಂದಿದ್ದರು. ವಾಚು 9,000 ಹೆಜ್ಜೆ ತೋರಿಸುತ್ತಿತ್ತು, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 6.1, ಅಂದರೆ ಡಯಾಬಿಟಿಸ್ಸಿನ ಹೊಸ್ತಿಲು. ಏಳನೇ ಸಲಕ್ಕೆ ಕೈ ತಾನಾಗಿ ಕುರ್ಚಿ ಹಿಡಿಯಲು ಹೋಯಿತು. 30 ಸೆಕೆಂಡ್ ಮುಗಿದಾಗ 11. ಅರವತ್ತರಿಂದ ಅರವತ್ತನಾಲ್ಕರ ಗಂಡಸರಿಗೇ 14ಕ್ಕಿಂತ ಕೆಳಗೆ ಬಂದರೆ ಕಡಿಮೆ ಅನ್ನುವ ಲೆಕ್ಕ. ಅವರು ವಾಚು ನೋಡಿಕೊಂಡರು, ಕುರ್ಚಿ ನೋಡಿದರು. "ಹಾಗಾದ್ರೆ ಈ ಹೆಜ್ಜೆಗಳೆಲ್ಲ?"

ಹೆಜ್ಜೆ ಬೇಡ ಅಂತಲ್ಲ. ವಾರಕ್ಕೆ 150 ನಿಮಿಷ ವ್ಯಾಯಾಮ ಅನ್ನುವುದು ಎಲ್ಲರಿಗೂ ಹೇಳುವ ಲೆಕ್ಕ. ಬಿಳಿಯರಿಗೆ ಅಷ್ಟರಿಂದ ಸಿಗುವ ಲಾಭ ನಮ್ಮವರಿಗೆ ಸಿಗಬೇಕಾದರೆ ಇನ್ನೂ ಜಾಸ್ತಿ, 230 ನಿಮಿಷವೋ ಅದಕ್ಕೂ ಮೇಲೋ ಬೇಕಾಗಬಹುದು ಅಂತ ಗ್ಲಾಸ್ಗೋದ ಸಂಶೋಧಕರು ಹೇಳಿದ್ದಾರೆ. ಇದನ್ನು ಮೊದಲ ದಿನವೇ ಹೇಳಿದರೆ ಎರಡನೇ ಸಲ ಯಾರೂ ಬರುವುದಿಲ್ಲ! ಊಟವಾದ ಹತ್ತು ಹದಿನೈದು ನಿಮಿಷದ ನಡಿಗೆಯಿಂದ ಶುರು ಮಾಡಿಸುತ್ತೇನೆ. ಕೆಲಸ ಮಾಡುತ್ತಿರುವ ಮಾಂಸಖಂಡ ಇನ್ಸುಲಿನ್ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಅದರ ಜೊತೆಗೆ ವಾರಕ್ಕೆ ಎರಡು ಮೂರು ದಿನ ಬಸ್ಕಿ.

ಬಸ್ಕಿ ಅಂದ ತಕ್ಷಣ ಕನ್ನಡದವರ ಮುಖದಲ್ಲಿ ನಗು ಬರುತ್ತದೆ. ಸ್ಕೂಲಲ್ಲಿ ಮೇಷ್ಟ್ರು ಹೊಡೆಸುತ್ತಿದ್ದದ್ದು ಯಾರಿಗೆ ನೆನಪಿಲ್ಲ? ಮಂಡಿ ನೋವಿದ್ದವರಿಗೆ ಕುರ್ಚಿಯಿಂದ ಏಳುವುದೇ ಸಾಕು. ಜಿಮ್ಮಿಗೆ ಹೋಗಲು ಸಂಕೋಚ ಅನ್ನುವವರಿಗೆ ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ಚೀಲ ತೋರಿಸುತ್ತೇನೆ. ಅಭ್ಯಾಸ ಆದ ಮೇಲೆ ಅದನ್ನು ಎದೆಗೆ ಅವುಚಿಕೊಂಡು ಎದ್ದು ಕೂರಿ, ಅಕ್ಕಿ ತಿನ್ನುವ ಮುಂಚೆ ಅಷ್ಟು ಕೆಲಸ ಆಗಲಿ.

ಹೆಂಗಸರ ಉತ್ತರ ಬೇರೆ. "ಬೆಳಗಿಂದ ನಿಂತೇ ಇರ್ತೀನಿ, ಇನ್ನೆಂಥಾ ಎಕ್ಸರ್‌ಸೈಜು?" ದಣಿವು ನಿಜ. ಆದರೆ ಒಲೆ ಮುಂದೆ ನಿಂತರೆ ಏದುಸಿರು ಬರುವುದಿಲ್ಲ, ತೊಡೆಗೆ ಭಾರ ಬೀಳುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ರಾತ್ರಿ ಊಟದ ನಂತರದ್ದು. ಗಂಡ ವಾಕಿಂಗಿಗೆ ಹೊರಡುತ್ತಾರೆ, ಹೆಂಡತಿ ಪಾತ್ರೆ ತೊಳೆಯುತ್ತಾರೆ. ಅದಕ್ಕೇ ನಾನು ಗಂಡನನ್ನೂ ಒಳಗೆ ಕರೆದು ಕೂರಿಸುತ್ತೇನೆ. "ಊಟದ ನಂತರ 15 ನಿಮಿಷ ನಡಿಗೆ, ಪಾತ್ರೆ ಆಮೇಲೆ" ಅಂತ ಪ್ರಿಂಟ್ ತೆಗೆದು ಕೊಡುತ್ತೇನೆ. ಕ್ಲಿನಿಕ್ಕಿನ ಹೆಸರಿರುವ ಹಾಳೆ ಫ್ರಿಜ್ ಮೇಲೆ ಅಂಟಿದರೆ ಅತ್ತೆಯೂ ಏನೂ ಅನ್ನುವುದಿಲ್ಲ.

ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮಂದಿರದು ಇನ್ನೊಂದು ಪಾಡು. ಊರಲ್ಲಿ ಹಾಲು, ತರಕಾರಿ, ದೇವಸ್ಥಾನ ಅಂತ ಕಾಲು ಆಡುತ್ತಿತ್ತು. ಇಲ್ಲಿ ದೇವಸ್ಥಾನಕ್ಕೂ ಮಗ ಕಾರು ತೆಗೆಯಬೇಕು. ಹಾಸನ ಕಡೆಯ ಒಬ್ಬ ಅಮ್ಮ ಅಂದರು, "ಬೀದೀಲಿ ಒಂದು ನರಪಿಳ್ಳೆ ಇಲ್ಲಮ್ಮ, ಯಾರನ್ನ ನೋಡ್ಕೊಂಡು ನಡೀಲಿ?" ಅವರಿಗೆ ಪಾರ್ಕಿನಲ್ಲಿ ಸಂಜೆ ಸೇರುವ ಹಿರಿಯರ ಗುಂಪು ತೋರಿಸಿಕೊಟ್ಟೆ. ಅಷ್ಟರಿಂದಲೇ ಹೊರಗೆ ಬಂದರು, ನನ್ನ ಯಾವ ಚಾರ್ಟೂ ಬೇಕಾಗಲಿಲ್ಲ.

ಆದರೆ ಇವರಿಗೆ ಏನಾದರೂ ಹೇಳುವ ಮುಂಚೆ ಊರಿಂದ ತಂದ ಮಾತ್ರೆ ಚೀಲ ಬಿಚ್ಚಿಸುತ್ತೇನೆ. ಅದರಲ್ಲಿ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಇದ್ದರೆ, ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ, ನಡಿಗೆ ಜಾಸ್ತಿಯಾದ ದಿನ ಶುಗರ್ ತೀರಾ ಇಳಿಯಬಹುದು. ಡಾಕ್ಟರನ್ನು ಕೇಳಿ ಡೋಸ್ ಸರಿಮಾಡಿಸಬೇಕು, ಜೇಬಿನಲ್ಲಿ ಗ್ಲೂಕೋಸ್ ಇರಬೇಕು. ಶುಗರಿನಿಂದ ಕಣ್ಣಿನ ಪರದೆ ತೀರಾ ಹಾಳಾಗಿರುವವರಿಗೆ ಉಸಿರು ಬಿಗಿಹಿಡಿದು ಭಾರ ಎತ್ತುವುದು ಅಪಾಯ. ಅವರಿಗೆ ಕಣ್ಣಿನ ಡಾಕ್ಟರು ಒಪ್ಪುವ ತನಕ ಅಕ್ಕಿ ಚೀಲವೂ ಇಲ್ಲ, ನಡಿಗೆ ಮಾತ್ರ.