ಫೋನೇ ಹಡಗು

ಅಕ್ಕನ ಮಗಳಿಗೆ ಸ್ಕೂಲಲ್ಲಿ ಸೈನ್ಸ್ ಎಕ್ಸಿಬಿಷನ್, ಎಲ್ರೂ ವಾಲ್ಕೆನೋನೇ ಮಾಡ್ತಾರೆ ನಂಗದು ಬೇಡ ಮಾಮ ಅಂತ ಹಟ. ಸರಿ ಬಿಡು, ಸಮುದ್ರದ ತಳದ ಮ್ಯಾಗ್ನೆಟಿಕ್ ಪಟ್ಟೆ ಮಾಡೋಣ ಅಂದೆ. ಶನಿವಾರ ಇಬ್ರೂ ಎಸ್‌ಪಿ ರೋಡಿಗೆ ಹೋದ್ವಿ. ಅಂಗಡಿಯವ್ರು ಬಟನ್ ಮ್ಯಾಗ್ನೆಟ್ ಎಣಿಸ್ತಾ "ಏನ್ ಪ್ರಾಜೆಕ್ಟಮ್ಮಾ?" ಅಂದ್ರು, ಇವ್ಳು "ಸಮುದ್ರ ಅಂಕಲ್" ಅಂದ್ಲು, ಅವ್ರು ಮುಂದಕ್ಕೆ ಕೇಳ್ಲಿಲ್ಲ.

ಮನೇಲಿ ರಟ್ಟಿನ ಮೇಲೆ ನಡುವೆ ಒಂದು ಗೆರೆ, ಅದರ ಎರಡೂ ಕಡೆ ಮ್ಯಾಗ್ನೆಟ್ ಸಾಲು. ಒಂದು ಸಾಲಲ್ಲಿ ನಾರ್ತ್ ಮೇಲೆ, ಪಕ್ಕದ್ದರಲ್ಲಿ ಸೌತ್ ಮೇಲೆ, ಎಡಕ್ಕೆ ಹೆಂಗೋ ಬಲಕ್ಕೂ ಹಂಗೇ. ಅಂಟಿಸ್ತಾ ಅಂಟಿಸ್ತಾ ಕಥೆ ಹೇಳ್ದೆ: ಸಾಗರದ ನಡುವಿನ ಬೆಟ್ಟದ ಸಾಲಲ್ಲಿ ತಳ ಬಿರಿದು ಎರಡೂ ಕಡೆಗೆ ಸರೀತಿರತ್ತೆ, ಆ ಬಿರುಕಲ್ಲಿ ಲಾವಾ ಬಂದು ತಣ್ಣೀರು ತಗುಲಿ ಬೇಗ ಆರಿ ಬಸಾಲ್ಟ್ ಅನ್ನೋ ಕಪ್ಪು ಕಲ್ಲಾಗತ್ತೆ, ಅದರೊಳಗೆ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜದ ಜಾತಿಯ ಸಣ್ಣ ಸಣ್ಣ ಕಣ ಇರತ್ತೆ. ಶುದ್ಧ ಮ್ಯಾಗ್ನೆಟೈಟ್ ಆದ್ರೆ 580 ಡಿಗ್ರಿ, ಟೈಟೇನಿಯಂ ಬೆರೆತಿದ್ರೆ ಇನ್ನೂ ಕಮ್ಮಿ, ಅದಕ್ಕಿಂತ ಬಿಸಿ ಇಳೀತು ಅಂದ್ರೆ ಆಗ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿತ್ತೋ ಅದೇ ದಿಕ್ಕು ಕಲ್ಲಲ್ಲಿ ಉಳ್ಕೊಂಡ್ಬಿಡತ್ತೆ. ಈ ಕ್ಷೇತ್ರ ಆಗಾಗ ಪೂರ್ತಿ ಉಲ್ಟಾ ಆಗತ್ತೆ, ಕೊನೇದಾಗಿ ಆಗಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಅದಕ್ಕೇ ಒಂದು ಪಟ್ಟೆ ಈ ಕಡೆಗೆ, ಪಕ್ಕದ್ದು ಉಲ್ಟಾ.

ಮೇಲೆ ನೀಲಿ ಚಾರ್ಟ್ ಪೇಪರ್ ಹೊದಿಸಿ ಫೋನಲ್ಲಿ ಕಾಂತಕ್ಷೇತ್ರ ಅಳೆಯೋ ಮ್ಯಾಗ್ನೆಟೋಮೀಟರ್ ಆಪ್ ಹಾಕಿದ್ವಿ. ಫೋನೇ ಹಡಗು. ಬೆಂಗಳೂರಲ್ಲಿ ಸುಮ್ನೆ ಇಟ್ರೆ 40 ಮೈಕ್ರೋಟೆಸ್ಲಾ ಆಸುಪಾಸು ತೋರ್ಸತ್ತೆ. ರಟ್ಟಿನ ಮೇಲೆ ಎಳೆದ್ರೆ ಟೋಟಲ್ ಎಲ್ಲಾ ಸಾಲಲ್ಲೂ ಏರತ್ತೆ ಅಷ್ಟೆ, ಯಾಕಂದ್ರೆ ಅಷ್ಟು ಹತ್ರ ಮ್ಯಾಗ್ನೆಟ್ ಮುಂದೆ ಭೂಮಿದೇನೂ ನಡ್ಯಲ್ಲ. ಝಡ್ ಅಂತ ಇರೋ, ಮೇಲೆ-ಕೆಳಗಿನ ದಿಕ್ಕಿನ ನಂಬರ್ ನೋಡ್ಬೇಕು, ಅದು ಪ್ಲಸ್, ಮೈನಸ್, ಮತ್ತೆ ಪ್ಲಸ್! ನಿಜವಾದ ಸಮುದ್ರದಲ್ಲಿ ಇಷ್ಟು ಜೋರಿಲ್ಲ, ಕಲ್ಲಿನ ಪಾಲು ಕೆಲವು ನೂರು ನ್ಯಾನೋಟೆಸ್ಲಾ ಮಾತ್ರ (ಸಾವಿರ ನ್ಯಾನೋ ಸೇರಿದ್ರೆ ಒಂದು ಮೈಕ್ರೋ), ಅಂದ್ರೆ ನೂರಕ್ಕೆ ಒಂದು ಪಾಲು ಅಂದ್ಕೊಳಿ, ಅದು ಭೂಮಿಯ ಕ್ಷೇತ್ರಕ್ಕೆ ಕೂಡತ್ತೆ ಇಲ್ಲಾ ಕಳೆಯತ್ತೆ, ಈ ಹೆಚ್ಚುಕಮ್ಮಿಯನ್ನೇ ಅನಾಮಲಿ ಅನ್ನೋದು.

ಇದ್ರಲ್ಲಿ ನಮ್ಮ ಹಿಂದೂ ಮಹಾಸಾಗರದ ಪಾತ್ರ ದೊಡ್ಡದು, ಯಾಕೋ ಇದನ್ನ ಯಾರೂ ಹೇಳೋದೇ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಾಚೆ ರ‍್ಯಾಫ್, ಮೇಸನ್ ಅನ್ನೋ ವಿಜ್ಞಾನಿಗಳು ಪಟ್ಟೆಗಳ ಮ್ಯಾಪ್ ಮೊದ್ಲೇ ಮಾಡಿದ್ರು, ಆದ್ರೆ ಕಾರಣ ಗೊತ್ತಿರ್ಲಿಲ್ಲ. 1962ರಲ್ಲಿ ಓವನ್ ಅನ್ನೋ ಬ್ರಿಟಿಷ್ ಹಡಗು ಅರಬ್ಬೀ ಸಮುದ್ರದ ದಕ್ಷಿಣಕ್ಕಿರೋ ಕಾರ್ಲ್ಸ್‌ಬರ್ಗ್ ರಿಡ್ಜ್ ಅನ್ನೋ ಸಮುದ್ರದೊಳಗಿನ ಬೆಟ್ಟದ ಸಾಲಿನ ಮೇಲೆ ಅಳತೆ ತಗೊಂಡಿತ್ತು, ಆ ಡೇಟಾ ಇಟ್ಕೊಂಡು ಕೇಂಬ್ರಿಡ್ಜಿನ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ 'ನೇಚರ್'ನಲ್ಲಿ ಈ ವಿವರಣೆ ಕೊಟ್ರು. ಕೆನಡಾದ ಮಾರ್ಲೀಗೂ ಇದೇ ಐಡಿಯಾ ಹೊಳೆದಿತ್ತು ಪಾಪ, ಎರಡು ಜರ್ನಲ್ ವಾಪಸ್ ಕಳ್ಸಿದ್ವು. ನಂಗೆ ಈಗ್ಲೂ ಸಿಟ್ಟು ಬರತ್ತೆ. ಚಾರ್ಟಲ್ಲಿ ಅವ್ರ ಹೆಸ್ರೂ ಬರೆಸ್ದೆ, ಅದೂ ದೊಡ್ಡಕ್ಷರದಲ್ಲಿ.

"ಪಟ್ಟೆ ಎಲ್ಲಾ ಒಂದೇ ಅಗಲಾನಾ ಮಾಮ?" ಅಂದ್ಲು. ಇಲ್ಲ ಪುಟ್ಟಿ, ಉಲ್ಟಾ ಆಗೋಕೆ ಟೈಮ್‌ಟೇಬಲ್ ಏನಿಲ್ಲ, ಡೈನೋಸಾರ್ ಕಾಲದಲ್ಲಿ ಸುಮಾರು 12 ಕೋಟಿ ವರ್ಷದ ಹಿಂದಿನಿಂದ 8.3 ಕೋಟಿ ವರ್ಷದ ಹಿಂದಿನವರೆಗೆ ಕ್ಷೇತ್ರ ಹೆಚ್ಚುಕಮ್ಮಿ ಒಂದೇ ಕಡೆಗಿತ್ತು, ಆಗ ಹುಟ್ಟಿದ ತಳದಲ್ಲಿ ಇಂಥ ಪಟ್ಟೆಗಳೇ ಸಿಗಲ್ಲ ಅಂದೆ.

ಅಂಟು ಮೆತ್ತಿದ ಬೆರಳು ನೋಡ್ಕೊಂಡು ಮುಖ ಊದಿಸಿದ್ಲು. "ಮೊದ್ಲೇ ಹೇಳ್ಬಾರ್ದಾ? ಅದನ್ನೇ ಮಾಡ್ಬೋದಿತ್ತು, ಎಲ್ಲಾ ಒಂದೇ ಕಡೆಗೆ ಅಂಟಿಸಿ ಮಲಗ್ಬೋದಿತ್ತು."