ಎಂಜಿನ್ ಕಳಚುವಾಗ ಯಾವ ಆಂಗಲ್ ಕಾಕ್ ಮುಚ್ಚಬೇಕು?

ರೈಲಿನುದ್ದಕ್ಕೂ ಹಾಯುವ ಬ್ರೇಕ್ ಪೈಪಿಗೆ ಗಾಳಿ ತುಂಬಿದರೆ ಬ್ರೇಕು ಬಿಡುತ್ತದೆ, ತೆಗೆದರೆ ಹಿಡಿಯುತ್ತದೆ. ತಿರುಗಾಮುರುಗಾ ಅನ್ನಿಸಬಹುದು. ಆದರೆ ಗಾಳಿ ಬ್ರೇಕು ಕಂಡುಹಿಡಿದ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮೊದಲು ಮಾಡಿದ್ದು ಗಾಳಿ ತುಂಬಿ ಹಿಡಿಸುವ ಬ್ರೇಕನ್ನೇ. ಗಾಡಿಗಳ ನಡುವೆ ಪೈಪನ್ನು ಜೋಡಿಸುವ ಒಂದು ಹೋಸ್ ಕಿತ್ತುಬಂದರೆ ಅದು ಪೂರ್ತಿ ಕೈಕೊಡುತ್ತಿತ್ತು. 1872ರ ಹೊತ್ತಿಗೆ ಅವರೇ ಅದನ್ನು ತಲೆಕೆಳಗು ಮಾಡಿದರು.

ಅಮೆರಿಕದ ಗೂಡ್ಸ್ ರೈಲಿನಲ್ಲಿ ಬ್ರೇಕ್ ಪೈಪಿನ ಒತ್ತಡ ಸಾಮಾನ್ಯವಾಗಿ 90 ಪಿಎಸ್‌ಐ. ಪ್ರತಿ ವ್ಯಾಗನ್ನಿನಡಿಯ ಟ್ಯಾಂಕಿನಲ್ಲೂ ಅಷ್ಟೇ. ಡ್ರೈವರ್ ಪೈಪಿನಲ್ಲಿ 10 ಇಳಿಸಿದರೆ, ಟ್ಯಾಂಕಿನಲ್ಲೂ 10 ಇಳಿಯುವವರೆಗೆ ವ್ಯಾಗನ್ನಿನ ವಾಲ್ವು ಆ ಟ್ಯಾಂಕಿನಿಂದ ಬ್ರೇಕು ಒತ್ತುವ ಸಿಲಿಂಡರಿಗೆ ಗಾಳಿ ಬಿಡುತ್ತದೆ. ಟ್ಯಾಂಕು ಸಿಲಿಂಡರಿಗಿಂತ ಸುಮಾರು ಎರಡೂವರೆ ಪಟ್ಟು ದೊಡ್ಡದು, ಹಾಗಾಗಿ ಸಿಲಿಂಡರಿನಲ್ಲಿ 25ರಷ್ಟು ಏರುತ್ತದೆ. 26 ಇಳಿಸುವಷ್ಟರಲ್ಲಿ ಎರಡೂ ಕಡೆ 64ರ ಆಸುಪಾಸಿನಲ್ಲಿ ಸಮವಾಗುತ್ತದೆ. ಅದರಾಚೆ ಮೆಲ್ಲಗೆ ಎಷ್ಟು ಇಳಿಸಿದರೂ ಹೆಚ್ಚಿನ ಹಿಡಿತ ಸಿಗುವುದಿಲ್ಲ, ಮತ್ತೆ ತುಂಬಿಸುವ ಹೊತ್ತು ಮಾತ್ರ ಬೆಳೆಯುತ್ತದೆ.

ಎಡವಟ್ಟಾಗುವುದು ವ್ಯಾಗನ್‌ಗಳನ್ನು ನಿಲ್ಲಿಸಿ ಎಂಜಿನ್ ಕಳಚುವಾಗ. ವ್ಯಾಗನ್ನಿನ ಎರಡೂ ತುದಿಯಲ್ಲಿ ಪೈಪನ್ನು ಮುಚ್ಚಿ ತೆರೆಯುವ ಒಂದೊಂದು ತಿರುಗಣೆ, ಅಂದರೆ ಆಂಗಲ್ ಕಾಕ್, ಇರುತ್ತದೆ. ಎಂಜಿನ್ನಿಗೂ ಉಂಟು. ಬ್ರೇಕು ಹಾಕಿದ ಮೇಲೆ ಎಂಜಿನ್ನಿನಲ್ಲಿ ಗಾಳಿ ಬುಸ್ಸೆಂದು ಹೊರಹೋಗುತ್ತಿರುವಾಗಲೇ, ಕೆಲಸ ಬೇಗ ಮುಗಿಯಲಿ ಅಂತ ಎಂಜಿನ್ ಪಕ್ಕದ ವ್ಯಾಗನ್ನಿನ ಕಾಕನ್ನು ಮುಚ್ಚಿಬಿಡುವವರುಂಟು. ಉದ್ದನೆಯ ರೈಲಿನಲ್ಲಿ ಆಗಿನ್ನೂ ಬಾಲದ ಒತ್ತಡ ತಲೆಗಿಂತ ಹೆಚ್ಚಿರುತ್ತದೆ. ಹಿಂದಿನ ಗಾಳಿ ಮುಂದಕ್ಕೆ ಹರಿದು ಬರುತ್ತಲೇ ಇರುತ್ತದೆ. ಮುಚ್ಚಿದ ಕಾಕಿಗೆ ಬಂದು ಬಡಿದು ಅಲ್ಲಿ ಒತ್ತಡ ಏರುತ್ತದೆ. ಬ್ರೇಕು ಬಿಡಲು ವಾಲ್ವಿಗೆ ಒಂದೆರಡು ಪಿಎಸ್‌ಐ ಏರಿಕೆ ಸಾಕು, ಮತ್ತು ಈ ವಾಲ್ವು ಅರ್ಧಂಬರ್ಧ ಬಿಡುವ ಜಾತಿಯದಲ್ಲ. ಬಿಟ್ಟರೆ ಪೂರ್ತಿ. ಸಾಲದ್ದಕ್ಕೆ ಈಗಿನ ವಾಲ್ವುಗಳು ಬಿಡುವಾಗ ತುರ್ತಿಗೆಂದು ಬೇರೆಯೇ ಇರುವ ಎಮರ್ಜೆನ್ಸಿ ಟ್ಯಾಂಕಿನ ಗಾಳಿಯನ್ನೂ ಪೈಪಿಗೆ ಕೊಡುತ್ತವೆ. ಓಡುವ ರೈಲಿನಲ್ಲಿ ಒಳ್ಳೆಯ ಗುಣವೇ, ಇಲ್ಲಿ ಮಾತ್ರ ಪಕ್ಕದ ವ್ಯಾಗನ್ನಿನ ಬ್ರೇಕನ್ನೂ ಬಿಡಿಸಿಬಿಡುತ್ತದೆ. ಹೀಗೆ ಗಾಳಿ ಒಳಗೇ ಸಿಕ್ಕಿಕೊಳ್ಳುವುದಕ್ಕೆ ಅಲ್ಲಿನವರು ‘ಬಾಟ್ಲಿಂಗ್ ದಿ ಏರ್’ ಅನ್ನುತ್ತಾರೆ. ನಿಯಮದಲ್ಲಿ ಇದು ನಿಷಿದ್ಧ.

ಸರಿಯಾದ ಕ್ರಮದಲ್ಲಿ ಮೊದಲು ಕನಿಷ್ಠ 20 ಪಿಎಸ್‌ಐ ಇಳಿಸಿ, ಸದ್ದು ಪೂರ್ತಿ ನಿಲ್ಲುವ ತನಕ ಕಾಯಬೇಕು. ಆಮೇಲೆ ಮುಚ್ಚುವುದು ಎಂಜಿನ್ ಕಡೆಯ ಕಾಕನ್ನು ಮಾತ್ರ. ವ್ಯಾಗನ್ ಕಡೆಯದು ತೆರೆದೇ ಇರಬೇಕು: ಎಂಜಿನ್ ದೂರ ಸರಿದು ಹೋಸ್ ತಾನಾಗಿ ಕಳಚಿಕೊಂಡಾಗ ಪೈಪು ಬರಿದಾಗಿ, ನಿಂತ ಸಾಲು ಎಮರ್ಜೆನ್ಸಿಗೆ ಹೋಗುತ್ತದೆ, ಅಂದರೆ ಬ್ರೇಕು ಪೂರ್ತಿ ಬಲದಿಂದ ಹಿಡಿಯುತ್ತದೆ.

ಹಾಗೆ ಹಿಡಿದ ಬ್ರೇಕಿನ ಗಾಳಿಯೂ ಹೊತ್ತು ಕಳೆದಂತೆ ಸೋರುತ್ತದೆ. ಆದ್ದರಿಂದ ಕಳಚುವ ಮೊದಲೇ ಹ್ಯಾಂಡ್ ಬ್ರೇಕು ಬಿಗಿದು, ಗಾಳಿ ಬ್ರೇಕನ್ನು ಪೂರ್ತಿ ಬಿಟ್ಟು, ಸಾಲು ಅಲುಗದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಗಾಳಿ ಬ್ರೇಕು ಹಿಡಿದಿರುವಾಗ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. 2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್‌ನಲ್ಲಿ 72 ಟ್ಯಾಂಕರುಗಳ ಕಚ್ಚಾತೈಲದ ರೈಲು ಇಳಿಜಾರಿನಲ್ಲಿ ತಾನಾಗಿ ಉರುಳಿ ಬಂದು 47 ಜನ ಸತ್ತರು. ಅಲ್ಲಿ ಹಾಕಿದ್ದು ಏಳೇ ಹ್ಯಾಂಡ್ ಬ್ರೇಕು. ಪರೀಕ್ಷೆ ಮಾಡುವಾಗ ಎಂಜಿನ್ನುಗಳ ಗಾಳಿ ಬ್ರೇಕು ಹಿಡಿದೇ ಇತ್ತು. ನಂತರ ಎಂಜಿನ್ ಬಂದ್ ಆಯಿತು, ಆ ಗಾಳಿ ಸೋರಿಹೋಯಿತು.