ಜೋಳಿಗೆಗೆ ಬಿದ್ದದ್ದು

ಕಲಬುರಗಿ ಜಿಲ್ಲೆಯ ದತ್ತಕ್ಷೇತ್ರ ಗಾಣಗಾಪುರದಲ್ಲಿ ಸಪ್ತಾಹ, ಅಂದರೆ ಏಳು ದಿನದ ಗುರುಚರಿತ್ರೆ ಪಾರಾಯಣ, ಹಿಡಿದು ಕೂತವರಿಗೆ ಮೂರನೆಯ ದಿನವೇ ಊರಿನಿಂದ ಫೋನ್ ಬರುವುದುಂಟು. ತಾಯಿಗೆ ಜ್ವರ, ಅಣ್ತಮ್ಮರ ಮನೆಯಲ್ಲಿ ಸೂತಕ, ಇಲ್ಲವೇ ಕೊಟ್ಟ ರಜೆ ರದ್ದು. ‘ದತ್ತ ಮಹಾರಾಜರಿಗೆ ನನ್ನ ಸೇವೆ ಬ್ಯಾಡಾಗೇದ’ ಎಂದು ಕಣ್ಣೀರು ಹಾಕುವ ಮೊದಲು ಪಾರಾಯಣದ ಲೆಕ್ಕವನ್ನೊಮ್ಮೆ ನೋಡಬೇಕು. ಅದರಲ್ಲೇ ಸಡಿಲ ಇಟ್ಟಿದ್ದಾರೆ ಹಿರಿಯರು.

53 ಅಧ್ಯಾಯದ ಗುರುಚರಿತ್ರೆಯಾದರೆ ಏಳು ದಿನವೂ ಓದು ನಿಲ್ಲಿಸುವ ಅಧ್ಯಾಯಗಳು ಹೀಗೆ: 9, 21, 29, 35, 38, 43, 53. ಐದನೆಯ ದಿನಕ್ಕೆ ಮೂರೇ ಅಧ್ಯಾಯ. ಕಡಿಮೆ ಅಂತ ಅವತ್ತೇ ಇಲ್ಲಿನ ಎಂಟು ತೀರ್ಥ, ಅಷ್ಟತೀರ್ಥ, ಸುತ್ತಲು ಹೊರಟವರು ಸಂಜೆಗೆ ಸೋಲುತ್ತಾರೆ, ಆಚಾರ ಹೇಳುವ 36ನೆಯದು ಬಲು ಉದ್ದ. ರಜೆ ಮೊಟಕಾದದ್ದು ಸಂಕಲ್ಪಕ್ಕೆ ಮೊದಲೇ ತಿಳಿದರೆ 24, 37, 53ಕ್ಕೆ ನಿಲ್ಲಿಸಿ ಮೂರೇ ದಿನದಲ್ಲಿ ಮುಗಿಸುವ ಕ್ರಮವೂ ಇದೆ. ನಡುವೆ ಸೂತಕ ಬಂದರೆ ಓದು ನಿಲ್ಲಿಸಿ, ಉಳಿದದ್ದನ್ನು ಬೇರೆಯವರಿಂದ ಓದಿಸುತ್ತಾರೆ. ಬೇರೆ ಕಾರಣಕ್ಕೆ ಏಳಬೇಕಾಗಿ ಬಂದರೆ ಹಿಡಿದ ಅಧ್ಯಾಯ ಮುಗಿಸಿ, ಗುರುಗಳಿಗೆಂದು ಎದುರಿಗೆ ಹಾಕಿದ ಖಾಲಿ ಮಣೆಗೆ ನಮಸ್ಕರಿಸಿ ಎದ್ದರಾಯಿತು. ‘ಮುಂದಿನ ಸಲ ಎರಡು ಸಪ್ತಾಹ ಮಾಡ್ತೀನಿ’ ಎಂದು ಗಾಬರಿಯಲ್ಲಿ ಹರಕೆ ಹೆಚ್ಚಿಸಿಕೊಳ್ಳಬೇಡಿ. ಅದು ಸಾಲದ ಮೇಲೆ ಬಡ್ಡಿ ಕಟ್ಟಿದಂತೆ, ಭಕ್ತಿಯಲ್ಲ.

ಅದೇ ಗುರುಚರಿತ್ರೆಯ 14ನೆಯ ಅಧ್ಯಾಯದ ಸಾಯಂದೇವನನ್ನು ನೋಡಿ. ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯವನು. ಈಗ ಕೇಂದ್ರೀಯ ವಿಶ್ವವಿದ್ಯಾಲಯ ಇದೆಯಲ್ಲ, ಆ ಕಡಗಂಚಿ. ಕೊಲ್ಲುವುದಕ್ಕೇ ಅಧಿಕಾರಿ ಕರೆಸಿದ್ದಾನೆಂದು ಹೆದರಿ, ಗೋದಾವರಿ ತೀರದಲ್ಲಿ ಗುರುಚರಿತ್ರೆಯ ಗುರುಗಳಾದ, ದತ್ತಾವತಾರವೆಂದು ನಂಬುವ ಶ್ರೀ ನೃಸಿಂಹ ಸರಸ್ವತಿಗಳ ಕಾಲು ಹಿಡಿದ. ಹೋಗಿ ಬಾ ಅಂದರು, ಹೋದ. ಕೊಲ್ಲಬೇಕಿದ್ದವನೇ ವಸ್ತ್ರ ಕೊಟ್ಟು ಕಳಿಸಿದ. ಈ ಪವಾಡವನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನದನ್ನು ಹೇಳುವವರು ಕಮ್ಮಿ. ಇನ್ನು ನಿಮ್ಮ ಜೊತೆಗೇ ಬರುತ್ತೇನೆ ಎಂದು ಹಟ ಹಿಡಿದವನಿಗೆ ಗುರುಗಳು ಹದಿನೈದು ವರ್ಷ ಬಿಟ್ಟು ಭೇಟಿ ಎಂದುಬಿಟ್ಟರು. ಜೀವ ಉಳಿಯಿತು, ಅವನು ಹಾಕಿಕೊಂಡ ಲೆಕ್ಕ ಉಳಿಯಲಿಲ್ಲ. ಊರಿಗೆ ಹೋಗಿ ಸಂಸಾರ ಮಾಡಿಕೊಂಡು ಕಾದ.

ಕೊಟ್ಟದ್ದನ್ನು ಒಪ್ಪಿಕೊಂಡು ಕಾಯುವ ಈ ಅಭ್ಯಾಸವೇ ಗಾಣಗಾಪುರದ ಮಠದ ಮುಂದೆ ದಿನಾ ಮಧ್ಯಾಹ್ನ ನಡೆಯುವ ಮಾಧುಕರಿ, ಅಂದರೆ ಹಲವರಲ್ಲಿ ಸ್ವಲ್ಪ ಸ್ವಲ್ಪ ಬೇಡಿ ಉಣ್ಣುವ ಭಿಕ್ಷೆ. ಗುರುಗಳು ಬೆಳಗ್ಗೆ ಭೀಮಾ–ಅಮರಜಾ ನದಿಗಳ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಈ ಊರಲ್ಲೇ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಹಾಗಾಗಿ ನೀಡುವವರೂ ಬೇಡುವವರೂ ಭಕ್ತರೇ. ಐದು ಕಡೆಯಾದರೂ ಬೇಡಬೇಕು. ತೆಳು ಪ್ಲಾಸ್ಟಿಕ್ ಚೀಲ ತರಬೇಡಿ, ಬಿಸಿ ಬ್ಯಾಳಿ ಬಿದ್ದೊಡನೆ ತಳ ಹರಿಯುತ್ತದೆ. ಅಂಚು ಎತ್ತರವಿರುವ ಸ್ಟೀಲ್ ಡಬ್ಬಿ ಸಾಕು. ಮೊದಲ ಕೈ ಅನ್ನ ಹಾಕುತ್ತದೆ, ಎರಡನೆಯದು ಅದರ ಮೇಲೇ ಶಿರಾ, ಮೂರನೆಯದು ಖಾರದ ಪಲ್ಯ, ಮೇಲೊಂದು ಜೋಳದ ರೊಟ್ಟಿ ಮುರಿದು ಮುಚ್ಚಿದ ಹಾಗೆ. ಶಿರಾದ ತುಪ್ಪ ಪಲ್ಯದೊಳಗೆ ಇಳಿದು ಎಲ್ಲ ಒಂದೇ ಬಣ್ಣ. ಇಲ್ಲಿ ಕೆಡುವುದು ಎರಡು ಕಡೆ: ರೊಟ್ಟಿಯವರನ್ನು ದಾಟಿ ಸಿಹಿಯ ಸಾಲಿಗೆ ಓಡುವುದು, ಮತ್ತೆ ಉಣ್ಣಲಾಗದಷ್ಟು ತುಂಬಿಸಿಕೊಂಡು ಕಡೆಗೆ ಚೆಲ್ಲುವುದು. ಆರಿಸಿಕೊಂಡರೆ ಅದು ಊಟ, ಮಾಧುಕರಿ ಅಲ್ಲ. ಬಿದ್ದದ್ದರಲ್ಲಿ ಒಂದು ತುತ್ತು ಆಕಳಿಗೆ, ಒಂದು ನಾಯಿಗೆ ತೆಗೆದಿಟ್ಟು ಉಳಿದದ್ದು ಉಣ್ಣಬೇಕು.

ಮಳೆಗಾಲದಲ್ಲಿ ಬರುವವರಿಗೆ ಇನ್ನೊಂದು. ಮಠದಿಂದ ಸಂಗಮ ಮೂರು ಕಿಲೋಮೀಟರಿನಷ್ಟು ದೂರ. ಗಾಣಗಾಪುರದಲ್ಲಿ ಹನಿ ಬೀಳದಿದ್ದರೂ ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಸೊನ್ನ ಬ್ಯಾರೇಜು ದಾಟಿ ಭೀಮೆ ಇಲ್ಲಿ ಏರುತ್ತಾಳೆ, ಮೆಟ್ಟಿಲು ಕಾಣುವುದಿಲ್ಲ. ಭೀಮಾ–ಅಮರಜಾ ಸ್ನಾನಕ್ಕೆಂದೇ ಬಂದಿದ್ದೇವೆ ಎಂದು ಕೆಂಪು ನೀರಿಗೆ ಇಳಿಯಬೇಡಿ. ದಂಡೆಯ ಮೇಲಿದ್ದವರಿಂದ ಒಂದು ತಂಬಿಗೆ ನೀರು ತರಿಸಿ ಪ್ರೋಕ್ಷಿಸಿಕೊಳ್ಳಿ, ಸಂಗಮದ ಔದುಂಬರ (ಅತ್ತಿ) ಮರಕ್ಕೆ ದೂರದಿಂದಲೇ ಕೈ ಮುಗಿದು ಆಟೋ ಹತ್ತಿ. ಮಠದಲ್ಲಿರುವ ಗುರುಗಳ ನಿರ್ಗುಣ ಪಾದುಕೆಗಳಿಗೆ ನೀರೇ ಹಾಕುವುದಿಲ್ಲ, ಕೇಸರಿ–ಗಂಧದ ಲೇಪವಷ್ಟೇ. ಕಿಂಡಿಯಲ್ಲಿ ಬಗ್ಗಿ ಅವನ್ನು ನೋಡಿಕೊಂಡು ಹೊರಬಂದರೂ, ಡಬ್ಬಿ ಹಿಡಿದು ಭಿಕ್ಷೆಯ ಸಾಲಿಗೆ ನಿಲ್ಲಲು ವೇಳೆ ಉಳಿದಿರುತ್ತದೆ.